ಓನರಮ್ಮ ‘ಟಿಎಂ 30 ಬೇಡ’ ಅಂದ್ರು, ಇಮಿಗ್ರೇಷನ್‌ನವರು ‘ಬೇಕೇ ಬೇಕು’ ಅಂದ್ರು. ಈಗ ಏನ್ ಮಾಡ್ಲಿ?

ಹಾಸನದ ಅಲೆಮಾರಿ

ಎಲ್ರಿಗೂ ನಮಸ್ಕಾರ. ಚಿಯಾಂಗ್ ಮಾಯ್‌ನಿಂದ ಬರೀತಿದೀನಿ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರೋದರ ಮಧ್ಯೆ ಮೂರು ತಿಂಗಳು ಬಿಡುವಿತ್ತು, ಥಾಯ್ಲೆಂಡಿಗೆ ಬಂದೆ. ವೀಸಾ ಇಲ್ಲದೆ 60 ದಿನದ ಸ್ಟಾಂಪ್ ಹೊಡೆದ್ರು. ಮೊದಲು ಹೋಟೆಲಲ್ಲಿದ್ದೆ, ಆಮೇಲೆ ಆ್ಯಪಲ್ಲಿ ನೋಡಿ ಒಂದು ಕಾಂಡೋ ಹಿಡಿದೆ. ಎಂಟನೇ ಮಹಡಿ, ಬಾಲ್ಕನಿಗೆ ಬಂದ್ರೆ ದೋಯ್ ಸುತೇಪ್ ಬೆಟ್ಟ, ಅನ್ನ ಸಾರು ಮಾಡ್ಕೊಳ್ಳೋಕೆ ಒಂದು ಒಲೆ. ಬೀಗದ ನಂಬರ್ ಮೆಸೇಜಲ್ಲಿ ಬಂತು. ಓನರಮ್ಮನ ಮುಖ ಇವತ್ತಿನವರೆಗೂ ನೋಡಿಲ್ಲ.

ಇನ್ನೊಂದು ತಿಂಗಳು ಇರೋಣ ಅನ್ನಿಸ್ತು. ನಿನ್ನೆ ಬೆಳಗ್ಗೆ ಇಮಿಗ್ರೇಷನ್ ಆಫೀಸಿಗೆ ಹೋದೆ. ಇರೋ ಅವಧಿ ವಿಸ್ತರಿಸೋಕೆ ಹಾಕೋ ಟಿಎಂ 7 ಫಾರ್ಮು, ಫೋಟೊ, ಪಾಸ್‌ಪೋರ್ಟ್ ಜೆರಾಕ್ಸು, 1,900 ಬಾತ್, ಎಲ್ಲಾ ಜೋಡಿಸ್ಕೊಂಡೇ ಹೋಗಿದ್ದೆ. ಕೌಂಟರಲ್ಲಿದ್ದವರು ಕಾಗದ ತಿರುವಿ ಹಾಕಿ ಒಂದೇ ಮಾತು ಕೇಳಿದ್ರು, ‘ಟಿಎಂ 30?’ ವಿದೇಶಿಯರು ಎಲ್ಲಿ ಉಳ್ಕೊಂಡಿದಾರೆ ಅಂತ ತಿಳಿಸೋ ಫಾರ್ಮಂತೆ ಅದು. ಬುಕಿಂಗ್ ರಸೀದಿ ತೋರಿಸಿದೆ, ತಲೆ ಅಲ್ಲಾಡಿಸಿದ್ರು. ಏರ್‌ಪೋರ್ಟಿಗೆ ಬರೋ ಮುಂಚೆ ತುಂಬಿದ ಡಿಜಿಟಲ್ ಅರೈವಲ್ ಕಾರ್ಡಲ್ಲಿ ವಿಳಾಸ ಕೊಟ್ಟಿದ್ದೀನಲ್ಲ ಅಂದೆ. ‘ಅದು ಬೇರೆ, ಇದು ಬೇರೆ’ ಅಂದು ಫೈಲು ವಾಪಸ್ ಕೊಟ್ರು.

ಓನರಮ್ಮನಿಗೆ ಮೆಸೇಜ್ ಹಾಕಿದ್ರೆ ಬಂದ ಉತ್ತರ: ‘ನಾನು ಯಾವತ್ತೂ ಮಾಡಿಲ್ಲ, ಯಾರೂ ಕೇಳಿಲ್ಲ, ನಿನಗೂ ಬೇಡ.’ ಜೊತೆಗೆ ಕೈ ಮುಗಿಯೋ ಚಿತ್ರ.

ಇವತ್ತಿಗೆ 53ನೇ ದಿನ. ಇದು ನನ್ನ ಕೆಲಸಾನಾ, ಓನರ್ ಕೆಲಸಾನಾ? ದಂಡ ಅಂತ ಬಂದ್ರೆ ಯಾರ ತಲೆಗೆ? ಗೊತ್ತಿರೋರು ಹೇಳಿ.

ಹುಬ್ಬಳ್ಳಿ ಗಿರ್ಮಿಟ್

ಓನರಮ್ಮ ಕೈ ಮುಗದಾಳ ಅಂದ್ರ ತಿಳ್ಕೋ ತಮ್ಮಾ, ಆಕಿ ಕೈ ತೊಳಕೊಂಡಾಳ.

ಬ್ಯಾಂಕಾಕ್ ಭಟ್ಟ

ಅಲೆಮಾರಿಯವರೇ, ಗಾಬರಿ ಬೇಡ. ಇನ್ನೂ ಏಳು ದಿನ ಇದೆ, ಸಾಕು. ಹತ್ತು ವರ್ಷದಿಂದ ಇಲ್ಲಿದ್ದೇನೆ, ಈ ಫಾರ್ಮಿನ ಜೊತೆ ಸಂಸಾರ ಮಾಡಿ ಅಭ್ಯಾಸ ಆಗಿದೆ.

ಕಾನೂನು ಮೊದಲು ಹೇಳ್ತೇನೆ. ಥಾಯ್ಲೆಂಡಿನ ಇಮಿಗ್ರೇಷನ್ ಕಾಯ್ದೆ 1979ರದ್ದು. ಅದರ 38ನೇ ಕಲಮು ಹೇಳೋದು ಇಷ್ಟೇ: ತಾತ್ಕಾಲಿಕವಾಗಿ ಇರಲು ಬಂದ ವಿದೇಶಿಯನ್ನು ಯಾರು ತಮ್ಮ ಜಾಗದಲ್ಲಿ ಇಟ್ಟುಕೊಳ್ಳುತ್ತಾರೋ ಅವರು 24 ಗಂಟೆಯೊಳಗೆ ಇಮಿಗ್ರೇಷನ್‌ಗೆ ತಿಳಿಸಬೇಕು. ಆ ತಿಳಿವಳಿಕೆ ಪತ್ರವೇ ಟಿಎಂ 30. ‘ಟಿಎಂ’ ಅಂದ್ರೆ ಟ್ರೇಡ್‌ಮಾರ್ಕ್ ಅಲ್ಲ, ಇಮಿಗ್ರೇಷನ್ ಇಲಾಖೆಯ ಥಾಯ್ ಹೆಸರಿನ ಮೊದಲಕ್ಷರಗಳು, ‘ತೋ ಮೋ’ ಅಂತಾರೆ. ಹೋಟೆಲಿನವರು ನಿಮ್ಮ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡ್ಕೊಂಡ್ರಲ್ಲ, ಆವಾಗಲೇ ಅವರ ಕಂಪ್ಯೂಟರಿಂದ ಇದು ಹೋಗಿರುತ್ತೆ. ನಿಮಗೆ ಗೊತ್ತೇ ಆಗಿರಲ್ಲ. ಕಾಂಡೋಗೆ ಹೋದಾಗಲೇ ತಾಪತ್ರಯ ಶುರು.

ದಂಡ 77ನೇ ಕಲಮಿನಲ್ಲಿದೆ. ಮನೆಯವರಿಗೆ 2,000 ಬಾತ್ ಮೀರದಂತೆ, ಹೋಟೆಲ್ ನಡೆಸೋರಿಗೆ 2,000ದಿಂದ 10,000. ಕಾಗದದ ಮೇಲೆ ಅದು ಓನರಿನ ದಂಡ. ಆದ್ರೆ ಕೌಂಟರಿನ ಮುಂದೆ ನಿಂತಿರೋದು ನೀವು, ಎಕ್ಸ್‌ಟೆನ್ಷನ್ ಬೇಕಾಗಿರೋದು ನಿಮಗೆ. ಹಾಗಾಗಿ ಎಷ್ಟೋ ಜನ ತಾವೇ ಕಟ್ಟಿ, ಆಮೇಲೆ ಓನರ್ ಹತ್ರ ವಸೂಲಿಗೆ ಓಡಾಡ್ತಾರೆ. ಸಿಕ್ಕವರು ಪುಣ್ಯವಂತರು.

ಕಾಯ್ದೆಯಲ್ಲಿ ಇರೋ ಮಾತು ‘ಮನೆಯ ಯಜಮಾನ, ಒಡೆಯ ಅಥವಾ ಸ್ವಾಧೀನದಲ್ಲಿ ಇರುವವ’. ಬಾಡಿಗೆ ಕರಾರು ಇದ್ರೆ ನೀವೂ ಸ್ವಾಧೀನದಲ್ಲಿ ಇರುವವರೇ. ಕರಾರು, ಓನರಮ್ಮನ ಗುರುತಿನ ಚೀಟಿಯ ಜೆರಾಕ್ಸು, ನೀಲಿ ಬಣ್ಣದ ಮನೆ ಪುಸ್ತಕ ಅಂದ್ರೆ ‘ತಾಬಿಯನ್ ಬಾನ್’, ಆಸ್ತಿ ಹಕ್ಕುಪತ್ರ ‘ಚನೋಟ್’, ಇವುಗಳ ಪ್ರತಿಗೆ ಅವರ ಸಹಿ ಹಾಕಿಸಿ ತಗೊಂಡು ಹೋದ್ರೆ ಎಷ್ಟೋ ಆಫೀಸಲ್ಲಿ ನಿಮ್ಮ ಕೈಯಿಂದಲೇ ತಗೋತಾರೆ. ಆನ್‌ಲೈನಲ್ಲೂ ಆಗುತ್ತೆ, ಆದ್ರೆ ಓನರಿನ ಖಾತೆಗೆ ಒಪ್ಪಿಗೆ ಸಿಗೋಕೆ ಕಾಯಬೇಕು, ನಿಮ್ಮ ಹತ್ರ ಅಷ್ಟು ದಿನ ಇಲ್ಲ.

ಆ ಕಾಗದ ಕೇಳಿ ನೋಡಿ. ಕೊಟ್ರೆ ಸರಿ. ಕೊಡ್ಲಿಲ್ಲ ಅಂದ್ರೆ ಯಾಕೆ ಕೊಡ್ತಿಲ್ಲ ಅನ್ನೋದು ನನಗೆ ಈಗಲೇ ಗೊತ್ತು, ಆಮೇಲೆ ಹೇಳ್ತೇನೆ.

ಹಾಸನದ ಅಲೆಮಾರಿ

ಭಟ್ರೇ, ಕೇಳಿದೆ. ನಾಲ್ಕು ಗಂಟೆ ಆಯ್ತು. ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ.

ಪುಟ್ಟಸ್ವಾಮಿ ಪುಕ್ಕಲ

ಸುಮ್ನೆ ಮೊದಲು ಇದ್ದ ಹೋಟೆಲ್ ಹೆಸರನ್ನೇ ಬರೆದು ಕೊಟ್ಬಿಡಿ. ಅವರ ಟಿಎಂ 30 ಸಿಸ್ಟಮಲ್ಲಿ ಇದ್ದೇ ಇರುತ್ತಲ್ಲ. ಯಾರು ಬಂದು ನೋಡ್ತಾರೆ?

ಬ್ಯಾಂಕಾಕ್ ಭಟ್ಟ

ಪುಟ್ಟಸ್ವಾಮಿಗಳೇ, ದಯವಿಟ್ಟು ಬೇಡ. ಆ ಹೋಟೆಲಿಂದ ಯಾವತ್ತು ಹೊರಟರು ಅನ್ನೋದನ್ನ ಒಂದು ಫೋನಲ್ಲಿ ತಿಳ್ಕೋಬಹುದು. ಈಗ ಇರೋದು ಬರೀ ಕಾಗದ ಕೊಟ್ಟಿಲ್ಲ ಅನ್ನೋ ತಪ್ಪು, ಅದೂ ಬೇರೆಯವರದ್ದು. ಸುಳ್ಳು ವಿಳಾಸಕ್ಕೆ ಸಹಿ ಹಾಕಿದ ಕ್ಷಣ ಅದು ನಿಮ್ಮದೇ ತಪ್ಪಾಗುತ್ತೆ. 2,000 ಬಾತ್ ಉಳಿಸೋಕೆ ಹೋಗಿ ಮುಂದಿನ ಸಲ ಬ್ಯಾಂಕಾಕಿನ ಸುವರ್ಣಭೂಮಿ ಏರ್‌ಪೋರ್ಟಿಂದಲೇ ವಾಪಸ್ ಬರೋ ಹಾಗೆ ಮಾಡ್ಕೋಬೇಡಿ.

ಸರಿ, ಓನರಮ್ಮನ ಮೌನದ ವಿಷಯ. ಥಾಯ್ಲೆಂಡಿನಲ್ಲಿ 2004ರ ಹೋಟೆಲ್ ಕಾಯ್ದೆ ಇದೆ. ದಿನದ ಲೆಕ್ಕ, ವಾರದ ಲೆಕ್ಕದಲ್ಲಿ ಬಾಡಿಗೆ ಕೊಡೋಕೆ ಲೈಸೆನ್ಸ್ ಬೇಕು. ತಿಂಗಳ ಲೆಕ್ಕದ ಬಾಡಿಗೆಗೆ ಬೇಡ. ಸಣ್ಣ ಗೆಸ್ಟ್‌ಹೌಸ್‌ಗಳಿಗೆ ವಿನಾಯಿತಿ ಇದೆ, ಆದ್ರೆ ಅವರೂ ಹೆಸರು ಕೊಟ್ಟು ನೋಂದಾಯಿಸಬೇಕು. ಕಾಂಡೋದ ಒಂದು ಫ್ಲಾಟನ್ನ ಮೂರು ದಿನ ಇವರಿಗೆ, ಐದು ದಿನ ಅವರಿಗೆ ಅಂತ ಕೊಡೋದು ಹೆಚ್ಚಿನ ಕಡೆ ಕಾನೂನಿಗೆ ಹೊರಗೆ. ಲೈಸೆನ್ಸ್ ಇಲ್ಲದೆ ನಡೆಸಿದ್ರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ಬಾತ್‌ವರೆಗೆ ದಂಡ, ಮೇಲೆ ನಡೆಸಿದಷ್ಟು ದಿನ ದಿನಕ್ಕೆ 10,000ದವರೆಗೆ. 2018ರಲ್ಲಿ ಹುವಾ ಹಿನ್‌ನ ಕೋರ್ಟು ಇಂಥ ಫ್ಲಾಟ್ ಓನರುಗಳಿಗೆ ದಂಡ ಹಾಕಿದ್ದು ಇಲ್ಲಿ ದೊಡ್ಡ ಸುದ್ದಿಯಾಗಿತ್ತು.

ಈಗ ಲೆಕ್ಕ ಹಾಕಿ. ಆಯಮ್ಮ ಟಿಎಂ 30 ಕೊಟ್ರೆ ‘ನನ್ನ ಫ್ಲಾಟಿಗೆ ತಿಂಗಳಿಗೆ ಆರು ಜನ ವಿದೇಶಿಯರು ಬಂದು ಹೋಗ್ತಾರೆ’ ಅಂತ ತಾನೇ ಸಹಿ ಹಾಕಿ ಸರ್ಕಾರಕ್ಕೆ ಕೊಟ್ಟ ಹಾಗೆ. ಕೊಡದಿದ್ರೆ ಹೆಚ್ಚೆಂದ್ರೆ 2,000. ನೀವೇ ಅವರ ಜಾಗದಲ್ಲಿದ್ರೆ ಯಾವುದನ್ನ ಆರಿಸ್ಕೋತಿದ್ರಿ? ‘ಬೇಡ’ ಅನ್ನೋ ಓನರಿಗೆ ನಿಯಮ ಗೊತ್ತಿಲ್ಲ ಅಂತ ನಾವು ಅಂದ್ಕೋತೀವಿ. ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ.

ಹಾಸನದ ಅಲೆಮಾರಿ

ಅಯ್ಯೋ ದೇವ್ರೇ. ಈಗಷ್ಟೇ ಲಿಫ್ಟಿನ ಹತ್ರ ಹೋಗಿ ನೋಡಿಬಂದೆ. ‘ಈ ಕಟ್ಟಡದಲ್ಲಿ ದಿನಬಾಡಿಗೆ, ವಾರಬಾಡಿಗೆ ನಿಷೇಧ’ ಅಂತ ಥಾಯ್‌ನಲ್ಲೂ ಇಂಗ್ಲಿಷಲ್ಲೂ ಫಲಕ ಇದೆ. ಇಷ್ಟು ದಿನ ಅದರ ಪಕ್ಕದಲ್ಲೇ ನಿಂತು ಕನ್ನಡಿ ನೋಡ್ಕೊಂಡು ತಲೆ ಬಾಚ್ಕೋತಿದ್ದೆ.

ಹುಬ್ಬಳ್ಳಿ ಗಿರ್ಮಿಟ್

ನಗಬಾರ್ದು, ಆದ್ರೂ ನಕ್ಕೆ. ಕ್ಷಮಾ ಮಾಡ್ರಿ.

ನಂದೂ ಒಂದ್ ಕತಿ ಐತಿ, ಇದು ವಿಯೆಟ್ನಾಮಿಂದು. ಹಾ ಜಾಂಗ್ ಕಡೆ ಬೈಕ್ ಮ್ಯಾಲೆ ಹೊಂಟಿದ್ವಿ. ರಾತ್ರಿ ಒಂದ್ ಹೋಂಸ್ಟೇ, ಕಟ್ಟಿಗಿ ಮನಿ, ಒಬ್ಬಾಕಿ ಅಜ್ಜಿ. ಅನ್ನ ನೀಡಿದ್ಲು, ಛಲೋ ಮಾತಾಡ್ಸಿದ್ಲು, ಆಮ್ಯಾಲೆ ನಮ್ಮ ಮೂವರ ಪಾಸ್‌ಪೋರ್ಟ್ ಇಸ್ಕೊಂಡು ಮೊಮ್ಮಗನ ಕೈಯಾಗ ಕೊಟ್ಟು ಸ್ಕೂಟರ್ ಮ್ಯಾಲೆ ಕಳಿಸೇ ಬಿಟ್ಲು! ನಮಗ ಉಂಡ ಅನ್ನ ಗಂಟಲಾಗ. ಅವ್ರ ಭಾಷಾ ನಮಗ ಬರಂಗಿಲ್ಲ, ನಮ್ಮದು ಅವ್ರಿಗೆ ಬರಂಗಿಲ್ಲ. ಒಂದ್ ತಾಸಿಗೆ ಹುಡುಗ ಬಂದು ಪಾಸ್‌ಪೋರ್ಟ್ ವಾಪಸ್ ಕೊಟ್ಟ. ಪೊಲೀಸ್ ಚೌಕಿಗೆ ಹೋಗಿ ಬರೆಸಿ ಬಂದಿದ್ನಂತ. ಮರುದಿನ ತಿಳೀತು, ಅಲ್ಲಿ ವಿದೇಶಿಯವ್ರು ಬಂದ 12 ತಾಸಿನೊಳಗ ಮನಿಯವ್ರು ತಿಳಿಸಬೇಕು, ದೂರದ ಗುಡ್ಡಗಾಡಿನಾಗ ಆದ್ರ 24 ತಾಸು. ಕರೆಂಟ್ ಹೋಗಿ ಬರೋ ಊರಾಗ ಎಪ್ಪತ್ತರ ಅಜ್ಜಿ ಮಾಡ್ತಾಳ, ಎಂಟನೇ ಮಾಳಿಗಿ ಓನರಮ್ಮಗ ಆಗಂಗಿಲ್ಲಂತ.

ಸಕಲೇಶಪುರದ ಏಲಕ್ಕಿ

ಇನ್ನೊಂದು ಪಕ್ಕದಿಂದ ನಾನು ಮಾತಾಡ್ತೀನಿ. ತೋಟದಲ್ಲಿ ಮೂರು ರೂಮಿನ ಹೋಂಸ್ಟೇ ನಡೆಸ್ತೀವಿ, ನಾನು ನಮ್ಮ ಯಜಮಾನ್ರು. ಇದು ಥಾಯ್ಲೆಂಡಿನ ವಿಚಿತ್ರ ಅಂತ ಯಾರೂ ತಿಳ್ಕೋಬೇಡಿ. ನಮ್ಮಲ್ಲಿ ವಿದೇಶಿ ಅತಿಥಿ ಬಂದ್ರೆ 24 ಗಂಟೆಯೊಳಗೆ, ನಾವೆಲ್ಲ ‘ಫಾರ್ಮ್ ಸಿ’ ಅಂತ ಕರೀತಾ ಬಂದಿರೋ ಮಾಹಿತಿ ಫಾರ್ಮು ಹೋಗಬೇಕು. ಎಫ್‌ಆರ್‌ಆರ್‌ಒ, ಅಂದ್ರೆ ವಿದೇಶಿಯರ ನೋಂದಣಿ ಕಚೇರಿಯ ಪೋರ್ಟಲಲ್ಲಿ ಪಾಸ್‌ಪೋರ್ಟ್ ವಿವರ, ವೀಸಾ ವಿವರ, ಎಲ್ಲಿಂದ ಬಂದ್ರು, ಮುಂದೆ ಎಲ್ಲಿಗೆ, ಫೋಟೊ, ಎಲ್ಲ ಹಾಕಬೇಕು. ಲಾಡ್ಜಿಗೆ, ಹೋಂಸ್ಟೇಗೆ ಅಷ್ಟೇ ಅಲ್ಲ, ಮನೇಲಿ ಇಟ್ಕೊಂಡ್ರೂ ಅನ್ವಯ. ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯೋಕೆ ಬರೋರಿಗೆ ಮಹಡಿ ಮನೆ ಬಾಡಿಗೆ ಕೊಡೋ ಅಜ್ಜ ಅಜ್ಜಿಯರಿಗೂ ಈ ಫಾರ್ಮು ಬಾಯಿಪಾಠ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದು 1920, 1939, 1946, 2000ನೇ ಇಸವಿಯ ನಾಲ್ಕು ಹಳೇ ಕಾಯ್ದೆ ಹೋದವು. ತಿಳಿಸೋ ಕೆಲಸ ಮಾತ್ರ ಎಲ್ಲೂ ಹೋಗಿಲ್ಲ.

ನಮ್ಮ ಕಷ್ಟಾನೂ ಕೇಳಿ. ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗಬೇಕು ಅಂದ್ರೆ ಡ್ರೈಯಿಂಗ್ ಯಾರ್ಡಿನ ತುದಿಗೆ ಹೋಗಿ ನಿಲ್ಲಬೇಕು. ಒಂದು ಸಲ ಜರ್ಮನ್ ಗಂಡ ಹೆಂಡತಿ ರಾತ್ರಿ ಹತ್ತಕ್ಕೆ ಬಂದ್ರು, ಬೆಳಗ್ಗೆ ಆರಕ್ಕೆ ಹೊರಡ್ತೀವಿ ಅಂದ್ರು. ಅರ್ಧ ರಾತ್ರಿ ಛತ್ರಿ ಹಿಡ್ಕೊಂಡು ಇವರ ಫೋಟೊ ಅಪ್‌ಲೋಡ್ ಮಾಡ್ತಾ ನಿಂತಿದ್ದೆ, ಕಾಲಿಗೆ ಇಂಬಳ ಬೇರೆ. ಈ ತಲೆನೋವಿಗೇ ನಮ್ಮ ಕಡೆ ಸಣ್ಣ ಲಾಡ್ಜಿನವರು ವಿದೇಶಿಯರನ್ನ ಕಂಡ ಕೂಡಲೇ ‘ರೂಮ್ ಇಲ್ಲ’ ಅಂತಾರೆ. ನಾನೂ ಒಂದು ವರ್ಷ ಹಾಗೇ ಹೇಳಿದ್ದೆ, ಸುಳ್ಳು ಯಾಕೆ ಹೇಳ್ಲಿ.

ಕುಶಾಲನಗರದ ನನ್ನ ಅಕ್ಕನಿಗೆ ಇನ್ನೊಂದು ಕಾಟ. ಬೈಲಕುಪ್ಪೆ ಟಿಬೆಟನ್ ಕ್ಯಾಂಪಲ್ಲಿ ಉಳ್ಕೋಬೇಕಾದ್ರೆ ವಿದೇಶಿಯರಿಗೆ ಗೃಹ ಇಲಾಖೆಯ ಪರವಾನಗಿ ಬೇರೆ ಬೇಕು. ಅದಿಲ್ಲದೆ ಬಂದವರು ಸಂಜೆ ಹೊತ್ತಿಗೆ ಅವಳ ಗೇಟಿನ ಮುಂದೆ ನಿಂತಿರ್ತಾರೆ.

ಪ್ರೈವಸಿ ಪಾಟೀಲ

ಎಲ್ಲರೂ ನಿಯಮ ಪಾಲಿಸೋ ಬಗ್ಗೆ ಮಾತ್ರ ಮಾತಾಡ್ತಿದ್ದೀರಿ. ಕಂಡು ಕೇಳರಿಯದ ಓನರಿಗೆ ವಾಟ್ಸಾಪಲ್ಲಿ ಪಾಸ್‌ಪೋರ್ಟ್ ಪುಟ, ವೀಸಾ ಪುಟ, ಫೋಟೊ ಕಳಿಸಬೇಕು. ಆ ಫೋನು ನಾಳೆ ಯಾರ ಕೈಲಿರುತ್ತೋ. ನನ್ನ ಪಾಸ್‌ಪೋರ್ಟ್ ನಂಬರು ಈಗಾಗಲೇ ಏರ್‌ಪೋರ್ಟಲ್ಲಿ ಕೊಟ್ಟಾಗಿದೆ. ಸರ್ಕಾರಕ್ಕೆ ಅದು ಗೊತ್ತಿರುವಾಗ ಪ್ರತಿ ಮನೆಯವರೂ ಇನ್ನೊಂದು ಸಲ ಯಾಕೆ ಬರೆದು ಕೊಡಬೇಕು? ಇಟಲಿಯಲ್ಲಿ ಈ ನಿಯಮ 1931ರ ರಾಜಶಾಸನದ್ದು, ಮುಸೊಲಿನಿ ಕಾಲದ್ದು. ನಮ್ಮ 1939ರ ಕಾಯ್ದೆ ಬ್ರಿಟಿಷರು ಎರಡನೇ ಮಹಾಯುದ್ಧ ಶುರುವಾಗೋ ಕೆಲವೇ ತಿಂಗಳ ಮುಂಚೆ ಮಾಡಿದ್ದು. ಹುಟ್ಟಿದ್ದೇ ಅನುಮಾನದಲ್ಲಿ.

ಸಕಲೇಶಪುರದ ಏಲಕ್ಕಿ

ಪಾಟೀಲರೇ, ಅನುಮಾನಾನೋ ಅಭಿಮಾನಾನೋ, ತಿಳಿಸದಿದ್ರೆ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂರಬೇಕಾದವಳು ನಾನು.

ಬ್ಯಾಂಕಾಕ್ ಭಟ್ಟ

ಪಾಟೀಲರ ಮಾತಲ್ಲಿ ಹುರುಳಿದೆ. ಇದಕ್ಕೆ ಥಾಯ್ ಜನರೇ ಒಂದು ಉಪಾಯ ಮಾಡ್ಕೊಂಡಿದ್ದಾರೆ. ಯಾವ ಗುರುತಿನ ಚೀಟಿಯ ಜೆರಾಕ್ಸ್ ಕೊಟ್ರೂ ಅದರ ಮೇಲೆ ಅಡ್ಡಲಾಗಿ ಎರಡು ಗೆರೆ ಎಳೆದು, ‘ಇಂಥ ಕೆಲಸಕ್ಕೆ ಮಾತ್ರ’ ಅಂತ ಬರೆದು, ಸಹಿ, ತಾರೀಕು ಹಾಕ್ತಾರೆ. ನಾನೂ ಹಾಗೇ ಮಾಡೋದು. ಪಾಸ್‌ಪೋರ್ಟ್ ಪ್ರತಿ ಮೇಲೆ ‘ಟಿಎಂ 30ಕ್ಕೆ ಮಾತ್ರ’ ಅಂತ ಬರೆದು ಫೋಟೊ ತೆಗೆದು ಕಳಿಸಿ. ನಂಬರು, ಹೆಸರು ಮುಚ್ಚಿಹೋಗದ ಹಾಗೆ ನೋಡ್ಕೊಳ್ಳಿ ಅಷ್ಟೇ.

ಕುಡ್ಲದಿಂದ ಕ್ಯೋಟೊ

ಇಲ್ಲಿ ಜಪಾನಿನಲ್ಲಿ ಸ್ವಲ್ಪ ಬೇರೆ ಉಂಟು. 2018ರ ಜೂನ್ 15ರಿಂದ ಮನೆ ಬಾಡಿಗೆಗೆ ಕೊಡುವವರಿಗೆ ‘ಮಿನ್ಪಾಕು’ ಕಾನೂನು ಬಂತು. ವರ್ಷಕ್ಕೆ 180 ದಿನ ಮಾತ್ರ ಕೊಡಬಹುದು, ನೋಂದಣಿ ಸಂಖ್ಯೆ ತೆಗೆದುಕೊಳ್ಳಲೇಬೇಕು. ಅತಿಥಿಗಳ ಪಟ್ಟಿ ಓನರ್ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಜಪಾನಿನಲ್ಲಿ ವಿಳಾಸ ಇಲ್ಲದ ವಿದೇಶಿಯರದ್ದಾದರೆ ಪಾಸ್‌ಪೋರ್ಟ್ ಪ್ರತಿಯೂ ಬೇಕು. ಪ್ರತಿ ದಿನ ಪೊಲೀಸರಿಗೆ ಕಳಿಸುವುದು ಎಂತ ಇಲ್ಲ, ಕೇಳಿದರೆ ತೋರಿಸಬೇಕು. ನೀವು ಪ್ರತ್ಯೇಕ ಎಲ್ಲಿಗೂ ಹೋಗುವುದು ಬೇಡ ಮಾರಾಯ್ರೆ. ಬುಕ್ ಮಾಡುವಾಗ ಪೇಜಿನಲ್ಲಿ ‘ಎಂ’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೋ, ಹೋಟೆಲ್ ವರ್ಗದ ಲೈಸೆನ್ಸ್ ಸಂಖ್ಯೆಯೋ ಉಂಟಾ ನೋಡಿ. ಇಲ್ಲದಿದ್ದರೆ ಬಿಟ್ಟುಬಿಡಿ.

ಮಿಲಾನೊ ಸೊಸೆ

ಪಾಟೀಲರು ಇಟಲಿ ಅಂದಿದ್ದಕ್ಕೆ ಬಂದೆ. ಇಲ್ಲಿ ಕನ್ನಡದವರಿಗೆ ಪೆಟ್ಟು ಬೀಳೋದು ಹೋಟೆಲಿನಲ್ಲಲ್ಲ, ಮನೆಯಲ್ಲಿ. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಾನು ತಿಳ್ಕೊಂಡಿದ್ದು ತಡವಾಗಿ.

ಹೋಟೆಲು, ಹಾಲಿಡೇ ಮನೆ, ಯಾವುದೇ ಆಗಲಿ, ಓನರ್ ‘ಆಲೊಜ್ಜಾತಿ ವೆಬ್’ ಅನ್ನೋ ಪೊಲೀಸ್ ಪೋರ್ಟಲಲ್ಲಿ 24 ಗಂಟೆಯೊಳಗೆ ಅತಿಥಿಗಳ ಹೆಸರು ಹಾಕಬೇಕು. ಈಗ ಪ್ರತಿ ಬಾಡಿಗೆ ಮನೆಗೂ ‘ಚಿನ್’ ಅನ್ನೋ ರಾಷ್ಟ್ರೀಯ ಸಂಖ್ಯೆ ಇರಬೇಕು, ಜಾಹೀರಾತಲ್ಲೂ ಬಾಗಿಲ ಹತ್ರಾನೂ ಹಾಕಿರಬೇಕು. ಇದು ಸುಲಭ.

ಇನ್ನು ಊರಿಂದ ಅಪ್ಪ ಅಮ್ಮ ಬಂದು ನಮ್ಮನೇಲೇ ಇದ್ರೆ? ನಮ್ಮಮ್ಮ ನಮ್ಮನೆಗೆ ಬರೋದಕ್ಕೆ ಪೊಲೀಸರಿಗೆ ಯಾಕೆ ಹೇಳಬೇಕು ಅಂತ ನಾನೂ ಅಂದ್ಕೊಂಡಿದ್ದೆ. 1998ರ ವಲಸೆ ಕಾನೂನಿನ 7ನೇ ವಿಧಿ ಪ್ರಕಾರ, ಐರೋಪ್ಯ ಒಕ್ಕೂಟದ ಹೊರಗಿನವರನ್ನ ಮನೇಲಿ ಇಟ್ಕೊಂಡೋರು 48 ಗಂಟೆಯೊಳಗೆ ಬರೆದು ತಿಳಿಸಬೇಕು. ಸ್ವಂತ ನೆಂಟರಾದ್ರೂ ಸರಿ, ಆ ಮಾತು ವಿಧಿಯಲ್ಲೇ ಇದೆ. ತಪ್ಪಿದ್ರೆ 160ರಿಂದ 1,100 ಯೂರೊ ದಂಡ. ಇದು ನನ್ನ ಭಾಗದ ಕೆಲಸ. ಅಪ್ಪ ಅಮ್ಮನ ಭಾಗದ್ದು ಇನ್ನೊಂದು, ನೇರವಾಗಿ ಇಟಲಿಗೆ ಬರದೆ ಇನ್ನೊಂದು ಷೆಂಗೆನ್ ದೇಶದ ಮೂಲಕ ಬಂದಿದ್ರೆ, ಬಂದ 8 ದಿನದೊಳಗೆ ‘ನಾವು ಇಲ್ಲಿದ್ದೀವಿ’ ಅಂತ ಕ್ವೆಸ್ತೂರದಲ್ಲಿ, ಅಂದ್ರೆ ಪೊಲೀಸ್ ಕಚೇರಿಯಲ್ಲಿ, ಹೇಳಿಕೆ ಕೊಡೋದು. ಹೋಟೆಲಲ್ಲಿದ್ರೆ ಅವರು ಕಳಿಸಿದ್ದೇ ಇದಕ್ಕೆ ಸಾಕಾಗುತ್ತೆ, ಮನೇಲಿದ್ರೆ ನಾವೇ ಹೋಗಬೇಕು.

ಅಪ್ಪ ರಿಟೈರ್ಡ್ ಹೆಡ್‌ಮಾಸ್ಟ್ರು. ಪೊಲೀಸ್ ಆಫೀಸಿಗೆ ಹೋಗಬೇಕು ಅಂದಿದ್ದಕ್ಕೆ ಬೆಳಗ್ಗೆ ಐದಕ್ಕೇ ಎದ್ದು, ಇಸ್ತ್ರಿ ಪಂಚೆ ಉಟ್ಟು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡೂ ಇಟ್ಕೊಂಡು ತಯಾರಾಗಿದ್ರು.

ಬರ್ಲಿನ್ ಬೆಣ್ಣೆದೋಸೆ

ಜರ್ಮನಿ ಈ ವಿಷಯಕ್ಕೆ ಪರವಾಗಿಲ್ಲ ಮೇಡಂ. ಮನೇಲಿ ಇರೋ ಅಪ್ಪ ಅಮ್ಮಂದಿರಿಗೆ ಮೂರು ತಿಂಗಳವರೆಗೆ ವಿಳಾಸ ನೋಂದಣಿ ಬೇಡ. ಹೋಟೆಲಲ್ಲಿ ಮಾತ್ರ ಫಾರ್ಮಿಗೆ ಸಹಿ. 2025ರ ಜನವರಿಯಿಂದ ಆ ಫಾರ್ಮು ಜರ್ಮನ್ನರಿಗೆ ಇಲ್ಲ, ನಮಗೆ ಇದೆ. ಷೆಂಗೆನ್ ಒಪ್ಪಂದದ ಒಡಂಬಡಿಕೆಯ 45ನೇ ವಿಧಿಯಲ್ಲೇ ವಿದೇಶಿ ಅತಿಥಿ ಫಾರ್ಮು ತುಂಬಿ ಸಹಿ ಹಾಕಬೇಕು ಅಂತಿದೆ, ಹಾಗಾಗಿ ಅವರೂ ಬಿಡೋ ಹಾಗಿಲ್ಲ. ಪಕ್ಕದ ಕೌಂಟರಿನವನು ಕೀ ತಗೊಂಡು ಹೋದ, ನಾನು ಪೆನ್ನು ಹುಡುಕ್ತಾ ನಿಂತಿದ್ದೆ.

ಪ್ರೈವಸಿ ಪಾಟೀಲ

ಸ್ಪೇನ್ 2024ರ ಡಿಸೆಂಬರಿಂದ ಹಣ ಕಟ್ಟಿದ ವಿವರ, ಫೋನು, ಇಮೇಲು ಸಮೇತ ಪಟ್ಟಿಯನ್ನೇ ಬೆಳೆಸಿದೆ. ಅದೇ ದೇಶದ ಡೇಟಾ ರಕ್ಷಣಾ ಸಂಸ್ಥೆ ಮಾತ್ರ ‘ವಿವರ ಬರ್ಕೊಳ್ಳಿ, ಪಾಸ್‌ಪೋರ್ಟಿನ ಪ್ರತಿ ಇಟ್ಕೋಬೇಡಿ’ ಅಂತ ಹೇಳಿದೆ. ನಾನು ಕೇಳ್ತಿರೋದೂ ಅಷ್ಟೇ.

ಹಾಸನದ ಅಲೆಮಾರಿ

ಅಪ್‌ಡೇಟ್. ಓನರಮ್ಮ ಕೊನೆಗೂ ಉತ್ತರ ಕೊಟ್ರು. ‘ಕಾಗದ ಕೊಡೋಕಾಗಲ್ಲ, ಕಟ್ಟಡದ ಆಫೀಸಿನವರಿಗೆ ಗೊತ್ತಾಗುತ್ತೆ, ಯಾರಾದ್ರೂ ಕೇಳಿದ್ರೆ ನನ್ನ ಫ್ರೆಂಡ್ ಅನ್ನು’ ಅಂತ. ಭಟ್ರು ಹೇಳಿದ್ದು ಅಕ್ಷರಕ್ಷರ ನಿಜ. ಜಗಳಕ್ಕೆ ಹೋಗ್ಲಾ? ಇನ್ನೂ ಒಂಬತ್ತು ರಾತ್ರಿ ಬಾಡಿಗೆ ಮುಂಗಡ ಕಟ್ಟಿದ್ದೀನಿ.

ಬ್ಯಾಂಕಾಕ್ ಭಟ್ಟ

ಜಗಳ ಆಮೇಲೆ ಆಡಿ, ಮೊದಲು ಜಾಗ ಬದಲಿಸಿ. ತಪ್ಪದೆ ಟಿಎಂ 30 ಮಾಡೋ ಗೆಸ್ಟ್‌ಹೌಸ್ ಹುಡುಕಿ, ದುಡ್ಡು ಕೊಡೋ ಮುಂಚೆ ‘ಇವತ್ತೇ ಮಾಡಿ ರಸೀದಿ ಕೊಡ್ತೀರಾ?’ ಅಂತ ಬರಹದಲ್ಲಿ ಕೇಳಿ. ಹೊಸ ಜಾಗದವರು ಸಮಯಕ್ಕೆ ಸರಿಯಾಗಿ ತಿಳಿಸಿದ್ರೆ ನಿಮ್ಮ ಈಗಿನ ವಿಳಾಸ ಅದೇ. ಆ್ಯಪಿನವರಿಗೆ ಆ ‘ಫ್ರೆಂಡ್ ಅನ್ನು’ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿ, ಬಂದಷ್ಟು ಬರಲಿ. 60 ದಿನ ದಾಟಿ ಕೂರಬೇಡಿ ಮಾತ್ರ. ದಿನಕ್ಕೆ 500 ಬಾತ್ ದಂಡ, ಪಾಸ್‌ಪೋರ್ಟಿಗೆ ಕಲೆ.

ಪುಟ್ಟಸ್ವಾಮಿ ಪುಕ್ಕಲ

ಭಟ್ರೇ, ಒಂದು ಡೌಟು. ಒಂದು ಸಲ ಟಿಎಂ 30 ಆದ್ಮೇಲೆ ಪಾಯ್ ಊರಿಗೆ ಎರಡು ದಿನ ಹೋಗಿ ಬಂದ್ರೆ ಮತ್ತೆ ಮೊದಲಿಂದನಾ?

ಬ್ಯಾಂಕಾಕ್ ಭಟ್ಟ

ಮೊದಲು ಹಾಗೇ ಇತ್ತು. 2019ರಲ್ಲಿ ಇದನ್ನ ಬಿಗಿ ಮಾಡಿದಾಗ ಇಲ್ಲಿನ ವಿದೇಶಿಯರು ದೊಡ್ಡ ಗಲಾಟೆ ಎಬ್ಬಿಸಿದ್ರು. ವಾರಾಂತ್ಯಕ್ಕೆ ಬೀಚಿಗೆ ಹೋಗಿಬಂದ ಹೆಂಡತಿಗೆ ಗಂಡ ಮತ್ತೆ ಫಾರ್ಮು ತುಂಬಬೇಕಿತ್ತು. 2020ರ ಜೂನ್ ಕೊನೆಗೆ ಸಡಿಲ ಮಾಡಿದ್ರು. ಇರೋಕೆ ಕೊಟ್ಟ ಅವಧಿಯೊಳಗೆ ಅದೇ ವಿಳಾಸಕ್ಕೆ ವಾಪಸ್ ಬಂದ್ರೆ ಮತ್ತೆ ತಿಳಿಸೋದು ಬೇಡ. ಆದ್ರೂ ಒಂದೊಂದು ಆಫೀಸು ಒಂದೊಂದು ಥರ, ನಿಮ್ಮ ಕಡೆಯದ್ದನ್ನ ವಿಚಾರಿಸ್ಕೊಳ್ಳಿ.

ಹಾಸನದ ಅಲೆಮಾರಿ

ಕೊನೇ ಅಪ್‌ಡೇಟ್. ಹಳೇ ಪೇಟೆಯ ಒಳಗೆ ಒಂದು ಗೆಸ್ಟ್‌ಹೌಸಿಗೆ ಬಂದೆ, ತಿಂಗಳ ಲೆಕ್ಕ. ಬೆಟ್ಟ ಕಾಣಲ್ಲ, ಒಲೆ ಇಲ್ಲ, ಕಿಟಕಿ ತೆಗೆದ್ರೆ ಪಕ್ಕದ ಮನೆ ಕೋಳಿ. ನಡೆಸೋರು ಒಬ್ಬ ವಯಸ್ಸಾದ ಅಂಕಲ್. ಟಿಎಂ 30 ಅಂತ ನಾನು ಬಾಯಿ ತೆಗೆಯೋ ಮುಂಚೆ ‘ಪಾಸ್‌ಪೋರ್ಟ್’ ಅಂತ ಕೈ ಚಾಚಿದ್ರು. ಬ್ಯಾಗಿಂದ ಬಟ್ಟೆ ತೆಗೆದಿಡೋ ಹೊತ್ತಿಗೆ ರಸೀದಿ ಪ್ರಿಂಟ್ ತಂದು ಬಾಗಿಲ ಸಂದಿಯಲ್ಲಿ ತೂರಿಸಿದ್ರು. 57ನೇ ದಿನ ಇಮಿಗ್ರೇಷನ್‌ಗೆ ಹೋದೆ. ಅದೇ ಕೌಂಟರು, ಅವರೇ. ಕಾಗದ ತಿರುವಿ ಹಾಕಿದ್ರು, ಏನೂ ಕೇಳಲಿಲ್ಲ, 30 ದಿನದ ಸ್ಟಾಂಪ್ ಹೊಡೆದ್ರು. ದಂಡ ಇಲ್ಲ. ಒಂಬತ್ತು ರಾತ್ರಿಯಲ್ಲಿ ಆ್ಯಪಿನವರು ನಾಲ್ಕರ ದುಡ್ಡು ವಾಪಸ್ ಹಾಕಿದ್ದಾರೆ.

ಹುಬ್ಬಳ್ಳಿ ಗಿರ್ಮಿಟ್

ಆ ಅಂಕಲ್ ಗೆಸ್ಟ್‌ಹೌಸ್ ಹೆಸರು ಇನ್‌ಬಾಕ್ಸಿಗೆ ಹಾಕ್ರಿ. ಡಿಸೆಂಬರ್‌ದಾಗ ನಾವು ನಾಕು ಮಂದಿ ಬರೋರು ಅದೀವಿ. ಕೋಳಿ ನಡೀತೈತಿ.